ಪಿಕಪ್ ವಾಹನಕ್ಕೆ ಹೊದಿಕೆ: ಖರೀದಿಗೆ ಮುನ್ನ ಅರಿಯಬೇಕಾದ ಸಂಗತಿಗಳು

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನಗರಗಳ ಟಾರ್ಪಾಲಿನ ಅಂಗಡಿಗಳ ಮುಂದೆ ಸರಕು ಸಾಗಣೆಯ ಸಣ್ಣ ವಾಹನಗಳು ಬಂದು ನಿಲ್ಲುವುದು ವಾಡಿಕೆ. ಹೀಗೆ ಅವಸರದಲ್ಲಿ ಕೊಂಡ ಹೊದಿಕೆ ಅನೇಕ ಬಾರಿ ಎರಡನೆಯ ಮಳೆಗೇ ಸೋರತೊಡಗುತ್ತದೆ. ನೀರು ತಾಗಿದ ಸಿಮೆಂಟು ಚೀಲದೊಳಗೇ ಗಟ್ಟಿಯಾಗುತ್ತದೆ. ನೆನೆದ ಈರುಳ್ಳಿ ಬೇಗನೆ ಕೊಳೆಯುತ್ತದೆ. ಹಿಟ್ಟಿನ ಮೂಟೆಯನ್ನು ಕೊಳ್ಳುವವರು ಹಿಂದಕ್ಕೆ ಕಳುಹಿಸುತ್ತಾರೆ. ಬಾಡಿಗೆಗೆ ಸ್ವಂತ ವಾಹನ ಓಡಿಸುವ ಚಾಲಕನಿಗೆ ಇಂತಹ ಒಂದೇ ನಷ್ಟ ಹಲವು ದಿನಗಳ ದುಡಿಮೆಯನ್ನು ನುಂಗಿಬಿಡಬಲ್ಲದು. ಕೆಲವು ಸಾವಿರ ರೂಪಾಯಿಗಳ ಹೊದಿಕೆಯ ಆಯ್ಕೆಗೆ ಅರ್ಧ ದಿನ ವಿನಿಯೋಗಿಸುವುದು ಆದ್ದರಿಂದ ವ್ಯರ್ಥವಲ್ಲ.

ಎರಡು ಬಗೆಯ ವಾಹನ, ಎರಡು ಬಗೆಯ ಅಗತ್ಯ

ಪಿಕಪ್ ಎಂಬ ಹೆಸರಿನಡಿ ರಾಜ್ಯದ ರಸ್ತೆಗಳಲ್ಲಿ ಎರಡು ಬಗೆಯ ವಾಹನಗಳು ಓಡುತ್ತಿವೆ. ಮೊದಲನೆಯದು ದುಡಿಮೆಯ ವಾಹನ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಹಳ್ಳಿ-ಪಟ್ಟಣಗಳೆರಡರಲ್ಲೂ ಕಾಣುವ ಮಹೀಂದ್ರ ಬೊಲೆರೊ ಪಿಕಪ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಸರಕು ಪಕ್ಕದ ಹಲಗೆಗಳ ಎತ್ತರವನ್ನು ಮೀರಿ ಮೇಲೇರುವುದೇ ಹೆಚ್ಚು. ಆದ್ದರಿಂದ ಸರಕಿನ ಆಕಾರಕ್ಕೆ ತಕ್ಕಂತೆ ಬಾಗುವ ಟಾರ್ಪಾಲು ಇವಕ್ಕೆ ಸರಿಹೊಂದುತ್ತದೆ.

ಎರಡನೆಯದು ವೈಯಕ್ತಿಕ ಬಳಕೆಯ, ಎರಡು ಸಾಲು ಆಸನಗಳುಳ್ಳ ಪಿಕಪ್. 2016ರಲ್ಲಿ ಭಾರತಕ್ಕೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಹಾಗೂ 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಇದಕ್ಕೆ ಉದಾಹರಣೆ. ಇವುಗಳ ಹಿಂಭಾಗದ ಲೋಡ್ ಬಾಡಿ ಸುಮಾರು ಒಂದೂವರೆ ಮೀಟರ್ ಉದ್ದವಿದ್ದು, ಸಾಮಾನ್ಯವಾಗಿ ಪ್ರವಾಸದ ಚೀಲ, ತೋಟದ ಸಲಕರಣೆ, ಸೈಕಲ್ಲುಗಳನ್ನು ಒಯ್ಯುತ್ತದೆ. ಇಲ್ಲಿ ಮಳೆಯಷ್ಟೇ ಚಿಂತೆ ಕಳ್ಳತನದ್ದು. ಅಮೆರಿಕ, ಆಸ್ಟ್ರೇಲಿಯ, ಥಾಯ್ಲೆಂಡ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೊನೊ ಕವರ್ ಈ ವಾಹನಗಳಿಗೆ ಹೇಳಿಮಾಡಿಸಿದ್ದು. ಟೊನೊ ಎಂಬುದು ಪೀಪಾಯಿಯನ್ನು ಸೂಚಿಸುವ ಫ್ರೆಂಚ್ ಪದ. ಆರಂಭಕಾಲದ ತೆರೆದ ಮೋಟಾರು ಕಾರುಗಳ ಹಿಂಬದಿಯ ಆಸನದ ಭಾಗಕ್ಕೆ ಈ ಹೆಸರಿತ್ತು; ಅದನ್ನು ಮುಚ್ಚುತ್ತಿದ್ದ ಬಟ್ಟೆಯಿಂದ ಇಂದಿನ ಹೊದಿಕೆಗೆ ಹೆಸರು ಬಂದಿದೆ.

ಟಾರ್ಪಾಲಿನ ಬಗೆಗಳು

ಅಂಗಡಿಗಳಲ್ಲಿ ದೊರೆಯುವ ಟಾರ್ಪಾಲುಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಹತ್ತಿಯ ಕ್ಯಾನ್ವಾಸ್ ಅತ್ಯಂತ ಹಳೆಯದು. ಮೇಣದಂತಹ ಪದಾರ್ಥಗಳಿಂದ ನೀರು ಹೀರದಂತೆ ಸಂಸ್ಕರಿಸಿದ ಈ ದಪ್ಪ ಬಟ್ಟೆ ಗಾಳಿಗೆ ಅಷ್ಟಾಗಿ ಪಟಪಟಿಸದು. ಒಳಗಿನ ಹಬೆಯನ್ನು ತುಸು ಹೊರಹೋಗಲು ಬಿಡುತ್ತದೆ. ಆದರೆ ತೂಕ ಹೆಚ್ಚು, ನೆನೆದರೆ ಇನ್ನೂ ಹೆಚ್ಚು. ಒದ್ದೆಯಾಗಿಯೇ ಮಡಚಿಟ್ಟರೆ ಬೂಸ್ಟು ಹಿಡಿದು ಬಟ್ಟೆ ಲಡ್ಡಾಗುತ್ತದೆ.

ಎಚ್‌ಡಿಪಿಇ ಟಾರ್ಪಾಲು ಇಂದು ಎಲ್ಲೆಡೆ ಕಾಣುವಂಥದ್ದು. ಪಾಲಿಥೀನ್ ಪಟ್ಟಿಗಳನ್ನು ನೇಯ್ದು, ಎರಡೂ ಬದಿಗೆ ಪ್ಲಾಸ್ಟಿಕ್ ಪದರ ಹೊದಿಸಿ ಇದನ್ನು ತಯಾರಿಸುತ್ತಾರೆ. ಹಗುರ, ಅಗ್ಗ, ನೀರು ಇಳಿಯದು. ಇದರ ಶತ್ರು ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ಪಾಲಿಥೀನನ್ನು ಪೆಡಸುಗೊಳಿಸುತ್ತವೆ. ಇದನ್ನು ತಡೆಯುವ ರಾಸಾಯನಿಕ ಬೆರೆಸದ ಅಗ್ಗದ ಹಾಳೆ ಮಡಿಕೆಗಳಲ್ಲಿ ಬೇಗನೆ ಬಿರಿಯುತ್ತದೆ. ಈ ಬಗೆಯ ಟಾರ್ಪಾಲಿಗೆ ಭಾರತೀಯ ಮಾನಕ ಬ್ಯೂರೊ ಐಎಸ್ 7903 ಎಂಬ ಮಾನಕವನ್ನು ನಿಗದಿಪಡಿಸಿದೆ. ಖರೀದಿಸುವಾಗ ಆ ಸಂಖ್ಯೆಯನ್ನೂ ಐಎಸ್‌ಐ ಗುರುತನ್ನೂ ಹುಡುಕುವುದು ಒಳಿತು.

ಮೂರನೆಯದು ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆ. ದೊಡ್ಡ ಲಾರಿಗಳ ಹೊದಿಕೆ, ಮದುವೆ ಚಪ್ಪರದ ಮೇಲ್ಛಾವಣಿಗಳಿಗೆ ಬಳಸುವುದು ಇದನ್ನೇ. ಬೆಲೆ ಹೆಚ್ಚಾದರೂ ಹರಿಯುವುದು ಕಡಿಮೆ. ಹರಿದರೂ ಬಿಸಿಗಾಳಿಯಿಂದ ತೇಪೆ ಬೆಸೆಯಬಹುದು. ನಿತ್ಯವೂ ಬಿಚ್ಚಿ ಕಟ್ಟುವ ವಾಹನಕ್ಕೆ ದೀರ್ಘಾವಧಿಯಲ್ಲಿ ಇದೇ ಲಾಭಕರ.

ತಕ್ಕಡಿಯೇ ಸಾಕ್ಷಿ

ಟಾರ್ಪಾಲಿನ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಇದರ ಅರ್ಥ. ಕಣ್ಣಳತೆಯಲ್ಲಿ 120 ಹಾಗೂ 200 ಜಿಎಸ್‌ಎಂ ನಡುವಿನ ವ್ಯತ್ಯಾಸ ಗುರುತಿಸುವುದು ಸುಲಭವಲ್ಲ. ಆದರೆ ಲೆಕ್ಕ ಸರಳ. 12 ಅಡಿ ಅಗಲ, 15 ಅಡಿ ಉದ್ದದ ಹಾಳೆಯ ವಿಸ್ತೀರ್ಣ 180 ಚದರ ಅಡಿ, ಅಂದರೆ ಸುಮಾರು 16.7 ಚದರ ಮೀಟರ್. ಅದು 200 ಜಿಎಸ್‌ಎಂ ಆಗಿದ್ದರೆ ಸುಮಾರು 3.3 ಕಿಲೊ ತೂಗಬೇಕು. 250 ಜಿಎಸ್‌ಎಂ ಆಗಿದ್ದರೆ 4.2 ಕಿಲೊ. ಅಂಚಿನ ಮಡಿಕೆ ಮತ್ತು ಉಂಗುರಗಳಿಂದ ತೂಕ ತುಸು ಹೆಚ್ಚಾಗಬಹುದೇ ಹೊರತು ಕಡಿಮೆಯಾಗಲಾರದು. ತಕ್ಕಡಿ ಎರಡು ಕಿಲೊ ತೋರಿಸಿದರೆ ಅದು 120 ಜಿಎಸ್‌ಎಂ ಹಾಳೆಯೇ ಸರಿ, ಲೇಬಲ್ಲಿನ ಮೇಲೆ ಏನೇ ಮುದ್ರಿಸಿದ್ದರೂ.

ಅಳತೆಯ ವಿಷಯದಲ್ಲೂ ಎಚ್ಚರ ಅಗತ್ಯ. ಅಂಚು ಮಡಚುವ ಮೊದಲಿನ ಅಳತೆಯನ್ನು ಹೇಳಿ ಮಾರುವವರಿದ್ದಾರೆ. ಟಾರ್ಪಾಲನ್ನು ಬಿಡಿಸಿ, ಟೇಪು ಹಿಡಿದು ಒಂದಂಚಿನಿಂದ ಇನ್ನೊಂದಂಚಿಗೆ ಅಳೆದೇ ಕೊಳ್ಳಬೇಕು.

ಎಷ್ಟು ದೊಡ್ಡದು ಬೇಕು?

ಲೋಡ್ ಬಾಡಿಯ ಅಳತೆಯ ಹೊದಿಕೆ ಕೊಳ್ಳುವುದು ಸಾಮಾನ್ಯ ತಪ್ಪು. ಹೊದಿಕೆ ಸರಕಿನ ಮೇಲೇರಿ, ಎರಡೂ ಪಕ್ಕಗಳಲ್ಲಿ ಕೆಳಗಿಳಿದು, ಹಲಗೆಯ ಕೆಳಗಿನ ಕೊಕ್ಕೆಯನ್ನು ಮುಟ್ಟಬೇಕು. ಟಾಟಾ ಏಸ್ ಗೋಲ್ಡ್‌ನ ಲೋಡ್ ಬಾಡಿ ಸುಮಾರು 2200 ಮಿಲಿಮೀಟರ್ ಉದ್ದ, 1490 ಮಿಲಿಮೀಟರ್ ಅಗಲವಿದೆ. ಅಂದರೆ ಏಳಡಿಗಿಂತ ತುಸು ಹೆಚ್ಚು ಉದ್ದ, ಐದಡಿಗೆ ತುಸು ಕಡಿಮೆ ಅಗಲ. ಸರಕು ನೆಲಹಲಗೆಯಿಂದ ಮೂರಡಿ ಎತ್ತರವಿದ್ದರೆ ಅಗಲಕ್ಕೆ ಐದರ ಜೊತೆ ಮೂರು ಮತ್ತು ಮೂರು ಸೇರಿ 11 ಅಡಿ, ಉದ್ದಕ್ಕೆ ಇದೇ ಕ್ರಮದಲ್ಲಿ 13 ಅಡಿಗೂ ಮಿಕ್ಕಿ ಬೇಕಾಗುತ್ತದೆ. ಸಿದ್ಧ ಅಳತೆಗಳಲ್ಲಿ 12 x 15 ಅಡಿಯದು ಹೊಂದುತ್ತದೆ. ಸರಕು ನಾಲ್ಕೂವರೆ ಅಡಿ ಎತ್ತರವಾದರೆ 15 x 18 ಅಡಿಯದು ಬೇಕು.

ತೀರಾ ದೊಡ್ಡ ಟಾರ್ಪಾಲೂ ಅನುಕೂಲವಲ್ಲ. ಮಿಕ್ಕ ಬಟ್ಟೆ ಗಾಳಿಯನ್ನು ಹಿಡಿಯುತ್ತದೆ, ಚಕ್ರಕ್ಕೆ ತಾಗುತ್ತದೆ, ಹಿಂದಿನ ದೀಪ ಮತ್ತು ನೋಂದಣಿ ಫಲಕವನ್ನು ಮರೆಮಾಡುತ್ತದೆ.

ಕಟ್ಟುವ ಕ್ರಮ

ವಾಹನದ ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಗರದೊಳಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮ್ಮನಿದ್ದ ಹೊದಿಕೆ ಹೆದ್ದಾರಿಯಲ್ಲಿ 80 ಕಿ.ಮೀ. ತಲುಪಿದಾಗ ಉಬ್ಬಿ ಪಟಪಟಿಸುವುದು ಇದರಿಂದಲೇ. ಕಿತ್ತು ಹಾರಿದ ಟಾರ್ಪಾಲು ಹಿಂದೆ ಬರುವ ದ್ವಿಚಕ್ರ ಸವಾರನ ಮುಖಕ್ಕೆ ಬಡಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಹೊದಿಕೆಯನ್ನು ಮುಂಭಾಗದಿಂದ ಆರಂಭಿಸಿ ಹಿಂದಕ್ಕೆ ಹಾಸಬೇಕು. ಮುಂದಿನ ಅಂಚು ಗಾಳಿಗೆ ಬಾಯಿ ತೆರೆಯದಂತೆ ಒಳಮಡಚಿ ಕಟ್ಟಬೇಕು. ಎರಡು ಟಾರ್ಪಾಲು ಬಳಸಿದರೆ ಮುಂದಿನದು ಹಿಂದಿನದರ ಮೇಲೆ ಬರಬೇಕು. ಮನೆಯ ಹೆಂಚಿನ ಸಾಲಿನಂತೆ. ಅಂಚಿನ ಉಂಗುರಗಳನ್ನಷ್ಟೇ ನಂಬದೆ, ಮೇಲಿನಿಂದ ಅಡ್ಡಡ್ಡ ಹಗ್ಗ ಎಳೆದರೆ ನಡುಭಾಗ ಉಬ್ಬುವುದು ನಿಲ್ಲುತ್ತದೆ. ನೈಲಾನ್ ಹಗ್ಗ ನೆನೆದಾಗ ತುಸು ಹಿಗ್ಗಿ ಸಡಿಲವಾಗುವುದರಿಂದ ಮಳೆಯಲ್ಲಿ ಹೊರಟ ಕೆಲವು ಕಿಲೊಮೀಟರುಗಳ ಬಳಿಕ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು.

ಮುಖ್ಯವಾದ ಇನ್ನೊಂದು ಮಾತು: ಹೊದಿಕೆ ಸರಕನ್ನು ಮುಚ್ಚುತ್ತದೆ, ಹಿಡಿದಿಡುವುದಿಲ್ಲ. ಗ್ಯಾಸ್ ಸಿಲಿಂಡರ್, ಕಬ್ಬಿಣ, ಪೀಠೋಪಕರಣಗಳನ್ನು ಮೊದಲು ಪ್ರತ್ಯೇಕ ಹಗ್ಗ ಅಥವಾ ಬಿಗಿಪಟ್ಟಿಯಿಂದ ಕಟ್ಟಿ, ಆಮೇಲೆ ಹೊದಿಕೆ ಹಾಕಬೇಕು.

ಸರಕಿಗೂ ಊರಿಗೂ ತಕ್ಕಂತೆ

ಟೊಮೆಟೊ, ಸೊಪ್ಪು, ಹೂವುಗಳು ಕಿತ್ತ ಮೇಲೂ ಉಸಿರಾಡುತ್ತವೆ, ಶಾಖ ಮತ್ತು ತೇವ ಬಿಡುತ್ತವೆ. ಕೋಲಾರದ ಮಾರುಕಟ್ಟೆಯಿಂದ ಹೊರಡುವ ಟೊಮೆಟೊವನ್ನು ಕಪ್ಪು ಪ್ಲಾಸ್ಟಿಕ್‌ನಿಂದ ಬಿಗಿಯಾಗಿ ಮುಚ್ಚಿದರೆ ಮಳೆಯಿಂದ ಉಳಿದದ್ದು ಬೇಗೆಯಿಂದ ಕೆಡುತ್ತದೆ. ತರಕಾರಿಗೆ ಬಿಳಿ ಅಥವಾ ಬೆಳ್ಳಿಬಣ್ಣದ ಹೊದಿಕೆ ಮೇಲು. ಮೇಲ್ಪದರಕ್ಕೂ ಬಟ್ಟೆಗೂ ನಡುವೆ ಒಂದು ಗೇಣು ಅಂತರ, ಹಿಂದೆ ಗಾಳಿಯಾಡಲು ಜಾಗ ಇರಬೇಕು. ಒಣ ಹವೆಯಲ್ಲಿ ನೆರಳು ಬಲೆಯೇ ಸಾಕಾಗುತ್ತದೆ. ಮರಳು, ಜಲ್ಲಿ, ಕಟ್ಟಡದ ಅವಶೇಷಗಳಿಗೆ ಬೆಲೆಬಾಳುವ ಹೊದಿಕೆ ಬೇಕಿಲ್ಲ. ಆದರೆ ಅಂಚಿನಿಂದ ಅಂಚಿಗೆ ಮುಚ್ಚಲೇಬೇಕು.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನ ಮಲೆನಾಡಿಗೂ, ಬಿರುಬಿಸಿಲಿನ ಕಲಬುರಗಿ, ರಾಯಚೂರಿಗೂ ಒಂದೇ ಹೊದಿಕೆ ಒಗ್ಗದು. ಮಲೆನಾಡಿನಲ್ಲಿ ನೀರು ನಿಲ್ಲದಂತೆ ನಡುವೆ ಎತ್ತರಿಸಿ ಕಟ್ಟಲು ಬರುವ ಪಿವಿಸಿ ಬಟ್ಟೆ ಸೂಕ್ತ. ಬಿಸಿಲ ನಾಡಿನಲ್ಲಿ ನೇರಳಾತೀತ ಕಿರಣಗಳನ್ನು ತಡೆಯುವ ಗುಣಕ್ಕೆ ಆದ್ಯತೆ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಉಂಗುರಗಳು ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತವೆ. ಅಲ್ಲಿ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ಉಂಗುರಗಳಿರುವುದನ್ನು ಆರಿಸಬೇಕು.

ವೈಯಕ್ತಿಕ ಪಿಕಪ್‌ಗಳಿಗೆ ಟೊನೊ ಕವರ್

ಇವುಗಳಲ್ಲಿ ನಾಲ್ಕು ಬಗೆಗಳು ಪ್ರಚಲಿತ. ಚಾಪೆಯಂತೆ ಸುತ್ತಿಡುವ ವಿನೈಲ್ ಹೊದಿಕೆ ಅಗ್ಗ ಮತ್ತು ಹಗುರ. ಒಬ್ಬರೇ ತೆಗೆಯಬಹುದು, ಎತ್ತರದ ಸರಕು ಬಂದಾಗ ಲೋಡ್ ಬಾಡಿ ಪೂರ್ಣ ತೆರವಾಗುತ್ತದೆ. ಆದರೆ ಚಾಕುವಿನಿಂದ ಕೊಯ್ಯಬಹುದಾದ್ದರಿಂದ ಕಳ್ಳರಿಗೆ ತಡೆಯಲ್ಲ. ಮೂರು ಮಡಿಕೆಯ ಗಟ್ಟಿ ಹೊದಿಕೆ ಅಲ್ಯೂಮಿನಿಯಂ ಅಥವಾ ಫೈಬರ್ ಹಲಗೆಗಳದ್ದು. ಹಿಂದಿನ ಬಾಗಿಲಿಗೆ ಬೀಗವಿದ್ದರೆ ಒಳ್ಳೆಯ ರಕ್ಷಣೆ ನೀಡುತ್ತದೆ. ಮಡಚಿದಾಗ ಮುಂಭಾಗದಲ್ಲಿ ಸ್ವಲ್ಪ ಜಾಗ ಹಿಡಿಯುತ್ತದೆ. ಒಳಗೆ ಸರಿದು ಪೆಟ್ಟಿಗೆಯಲ್ಲಿ ಸುತ್ತಿಕೊಳ್ಳುವ ಹೊದಿಕೆ ಅಂಗಡಿಯ ಷಟರಿನಂತೆ ಕೆಲಸ ಮಾಡುತ್ತದೆ. ಬಳಸಲು ಅತಿ ಸುಲಭ, ಬೆಲೆ ಅತಿ ಹೆಚ್ಚು. ಹಳಿಗಳಲ್ಲಿ ಕೆಮ್ಮಣ್ಣು ತುಂಬಿದರೆ ಸಿಕ್ಕಿಕೊಳ್ಳುತ್ತದೆ. ನಾಲ್ಕನೆಯದು ಒಂದೇ ತುಂಡಿನ ಫೈಬರ್ ಮುಚ್ಚಳ. ನೋಟಕ್ಕೆ ಸೊಗಸು, ರಕ್ಷಣೆಯೂ ಉತ್ತಮ. ಆದರೆ ಕಳಚಲು ಇಬ್ಬರು ಬೇಕು, ಕಳಚಿದ ಮೇಲೆ ಇಡಲು ಸ್ಥಳವೂ ಬೇಕು. ಅಪಾರ್ಟ್‌ಮೆಂಟ್ ವಾಸಿಗಳಿಗೆ ಇದು ತೆಗೆಯಲಾಗದ ಹೊದಿಕೆಯೇ ಆಗಿಬಿಡುತ್ತದೆ.

ಯಾವುದೇ ಟೊನೊ ಕವರ್ ನೂರಕ್ಕೆ ನೂರು ನೀರು ತಡೆಯದು. ಹಿಂದಿನ ಬಾಗಿಲಿನ ಸಂದಿಯಿಂದ ಹನಿ ನುಗ್ಗುತ್ತದೆ. ರಬ್ಬರ್ ಪಟ್ಟಿ ಅಂಟಿಸುವುದು, ಮೂಲೆಗಳ ನೀರುಗೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಇದಕ್ಕೆ ಪರಿಹಾರ. ಇಂಧನ ಉಳಿತಾಯದ ಬಗೆಗಿನ ಮಾರಾಟಗಾರರ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಕು. ತೆರೆದ ಲೋಡ್ ಬಾಡಿಯೊಳಗೆ ಗಾಳಿ ಸುಳಿಯಾಗಿ ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ. ಆದ್ದರಿಂದ ಹೊದಿಕೆಯಿಂದ ದೊರೆಯುವ ಉಳಿತಾಯ ಅಲ್ಪ. ಅದರಿಂದಲೇ ಬೆಲೆ ಹಿಂದಿರುಗುತ್ತದೆಂದು ನಿರೀಕ್ಷಿಸಬಾರದು.

ಕಾನೂನಿನ ಚೌಕಟ್ಟು

ಬಿಚ್ಚಿ ತೆಗೆಯಬಹುದಾದ ಹೊದಿಕೆಗೂ ವಾಹನದ ರಚನೆಯನ್ನೇ ಬದಲಿಸುವುದಕ್ಕೂ ವ್ಯತ್ಯಾಸವಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಹಗ್ಗದಿಂದ ಕಟ್ಟಿದ ಟಾರ್ಪಾಲಿಗೆ ಈ ಚಿಂತೆಯಿಲ್ಲ. ಬೆಸುಗೆ ಹಾಕಿದ ಕಮಾನು, ಎತ್ತರಿಸಿದ ಗೂಡು, ಪೆಟ್ಟಿಗೆಯಂತಹ ಮುಚ್ಚಿಗೆ ಮಾಡಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ವಾಹನ ತಯಾರಕರೇ ಒದಗಿಸುವ ಬಿಡಿಭಾಗ ಕೊಂಡು ರಸೀದಿ ಇಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದೆಡೆ, ಮುಚ್ಚದಿರುವುದೂ ತಪ್ಪಾಗಬಹುದು. ಕಟ್ಟಡ ನಿರ್ಮಾಣದ ಧೂಳು ತಡೆಯಲು ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಹೊರಡಿಸಿದ ನಿಯಮಗಳು ನಿರ್ಮಾಣ ಸಾಮಗ್ರಿ ಮತ್ತು ತ್ಯಾಜ್ಯವನ್ನು ಹೊದಿಕೆಯಿಲ್ಲದ ವಾಹನದಲ್ಲಿ ಸಾಗಿಸಕೂಡದೆಂದು ಹೇಳುತ್ತವೆ.

ಹೊದಿಕೆಯಡಿ ಮನುಷ್ಯರು ಸಲ್ಲದು

ಮಳೆ ಬಂದಾಗ ಕೂಲಿಕಾರರನ್ನು ಟಾರ್ಪಾಲಿನಡಿ ಕೂರಿಸಿ ಕರೆದೊಯ್ಯುವ ದೃಶ್ಯ ಅಪರೂಪವಲ್ಲ. ಸರಕಿನ ವಾಹನದಲ್ಲಿ ಪ್ರಯಾಣಿಕರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತಾದರೆ, ಅದಕ್ಕಿಂತ ಮಿಗಿಲಾದ ಅಪಾಯ ಇನ್ನೊಂದಿದೆ. ಚಲಿಸುವ ವಾಹನದ ಹಿಂದೆ ಗಾಳಿಯ ಒತ್ತಡ ಕುಗ್ಗುವುದರಿಂದ ಹೊಗೆಕೊಳವೆಯ ಅನಿಲ ಹಿಂದಿನ ಸಂದಿಯ ಮೂಲಕ ಹೊದಿಕೆಯೊಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕಡಿಕೆಯೆಂದು ಭಾವಿಸಿ ಕಣ್ಣು ಮುಚ್ಚಿದವರು ಮತ್ತೆ ಏಳದೆ ಹೋಗಬಹುದು. ನಿಂತ ವಾಹನದಲ್ಲಿ ಎಂಜಿನ್ ಚಾಲೂ ಇಟ್ಟು ಹೊದಿಕೆಯಡಿ ಮಲಗುವುದೂ ಅಷ್ಟೇ ಅಪಾಯಕರ. ನಾಯಿ, ಜಾನುವಾರುಗಳಿಗೂ ಇದೇ ಮಾತು ಅನ್ವಯ.

ಬಾಳಿಕೆಗೆ ಕೆಲವು ಕ್ರಮಗಳು

* ಒದ್ದೆ ಹೊದಿಕೆಯನ್ನು ಒಣಗಿಸಿಯೇ ಮಡಚಬೇಕು. ಪ್ರತಿಬಾರಿ ಒಂದೇ ಗೆರೆಯಲ್ಲಿ ಮಡಚಬಾರದು.
* ಹಲಗೆಯ ಚೂಪು ಮೂಲೆಗಳಿಗೆ ಹಳೆಯ ಟಯರಿನ ತುಂಡು ಅಥವಾ ಗೋಣಿ ಸುತ್ತಿದರೆ ಬಟ್ಟೆ ಸವೆಯದು.
* ಬೆರಳಗಲದ ತೂತನ್ನು ಅಂದೇ ಮುಚ್ಚಬೇಕು. ಹೆದ್ದಾರಿಯ ಗಾಳಿಗೆ ಅದು ಮೊಳದುದ್ದದ ಹರಕಾಗುತ್ತದೆ.
* ಸೀಮೆಎಣ್ಣೆ, ಪೆಟ್ರೋಲಿನಿಂದ ಒರೆಸದೆ ಸಾಬೂನು ನೀರಿನಿಂದ ತೊಳೆಯಬೇಕು.
* ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹೊದಿಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಚುಕ್ಕೆಚುಕ್ಕೆಯಾಗಿ ಬೆಳಕು ಕಂಡರೆ ಹೊಸದು ಕೊಳ್ಳುವ ಕಾಲ ಬಂತೆಂದೇ ಅರ್ಥ.

ಮಳೆ ಆರಂಭವಾಗುವ ಮುನ್ನ ಈ ಪರೀಕ್ಷೆ ಮುಗಿದಿದ್ದರೆ ಅಂಗಡಿಯ ಮುಂದೆ ಅವಸರದಲ್ಲಿ ನಿಲ್ಲುವ ಪ್ರಮೇಯವಿರದು. ಅಳೆದು, ತೂಗಿ, ಚೌಕಾಸಿ ಮಾಡಿ ಕೊಳ್ಳಲು ಬೇಕಾದ ಸಮಯವೂ ದೊರೆಯುತ್ತದೆ.