ನೀರಿಗೂ ಒಂದು ನೆಲೆ ಬೇಕು

ಪ್ರತಿ ಏಪ್ರಿಲ್ ತಿಂಗಳಲ್ಲಿ ಹಾಪ್ಕಿಂಟನ್ನಿನಿಂದ ಹೊರಟ ಮ್ಯಾರಥಾನ್ ಓಟಗಾರರು 26 ಮೈಲಿ ಓಡಿ ಬಾಸ್ಟನ್ ಸೇರುವುದನ್ನು ನಾವೆಲ್ಲ ರಸ್ತೆಬದಿಯಲ್ಲಿ ನಿಂತು ನೋಡಿದ್ದೇವೆ. ಅದೇ ಹಾಪ್ಕಿಂಟನ್ನಿನಲ್ಲಿ ಹುಟ್ಟಿ ಅದೇ ಬಾಸ್ಟನ್ನಿಗೆ ಬರುವ ಚಾರ್ಲ್ಸ್ ನದಿಗೆ ಮಾತ್ರ ಅಂಥ ಅವಸರವಿಲ್ಲ. ಸುತ್ತಿ ಬಳಸಿ ಸುಮಾರು 80 ಮೈಲಿ ಹರಿದು ಅದು ಕಡಲಿಗೆ ಬರುತ್ತದೆ. ಈ ನಿಧಾನವೇ ನಗರವನ್ನು ಕಾಯುತ್ತಿದೆ ಎಂಬುದು ಇಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮಲ್ಲಿಯೂ ಹಲವರಿಗೆ ತಿಳಿಯದು. ಸಂಘದ ಹುಟ್ಟುಹಬ್ಬದ ಈ ಸಂದರ್ಭದಲ್ಲಿ ಆ ಕಥೆಯನ್ನು ನೆನೆಯೋಣ.

1955ರ ಆಗಸ್ಟಿನಲ್ಲಿ ಡಯಾನ್ ಚಂಡಮಾರುತದ ಮಳೆಗೆ ನೆರೆಯ ಬ್ಲ್ಯಾಕ್‌ಸ್ಟೋನ್ ನದಿ ಉಕ್ಕಿ ವೂನ್‌ಸಾಕೆಟ್ ಪಟ್ಟಣವನ್ನು ಹಾಳುಗೆಡವಿತು. ಚಾರ್ಲ್ಸ್ ನದಿಯ ಕೆಳದಂಡೆಯ ಊರುಗಳಿಗೂ ನೀರು ನುಗ್ಗಿತು. 1968ರ ಮಾರ್ಚಿನಲ್ಲಿ ಮತ್ತೊಮ್ಮೆ ಪ್ರವಾಹ ಬಂತು. ಪರಿಹಾರ ಹುಡುಕುವ ಹೊಣೆ ಸೇನೆಯ ಎಂಜಿನಿಯರುಗಳ ದಳಕ್ಕೆ ಬಿದ್ದಿತ್ತು. ಅಣೆಕಟ್ಟು ಕಟ್ಟುವುದರಲ್ಲಿ ಪಳಗಿದ ಕೈಗಳವು. ಆದರೆ ನದಿಯನ್ನು ಅಳೆದು ನೋಡಿದಾಗ ಅವರಿಗೆ ಬೇರೆಯೇ ಸಂಗತಿ ಕಂಡಿತು. ಕಟ್ಟಡ, ಡಾಂಬರುಗಳಿಂದ ಮುಚ್ಚಿಹೋದ ಕೆಳಭಾಗದ ನೀರು ಗಂಟೆಗಳಲ್ಲೇ ನದಿಗೆ ನುಗ್ಗುತ್ತಿತ್ತು. ಮೇಲ್ಭಾಗದ ನೀರು ಮಾತ್ರ ಜೌಗು ಬಯಲುಗಳಲ್ಲಿ ಹರಡಿ, ತಂಗಿ, ದಿನಗಳು ಕಳೆದ ಮೇಲೆ ಮೆಲ್ಲಗೆ ಇಳಿದು ಬರುತ್ತಿತ್ತು. ಆ ಬಯಲುಗಳಲ್ಲಿ ನೂರಕ್ಕೆ 40 ಪಾಲು ಹೋದರೆ ಪ್ರವಾಹದ ಮಟ್ಟ 2ರಿಂದ 4 ಅಡಿ ಏರುವುದೆಂದು ಅವರು ಲೆಕ್ಕ ಹಾಕಿದರು.

ನದೀಮುಖದಲ್ಲಿ ಪಂಪುಗಳುಳ್ಳ ಹೊಸ ಕಟ್ಟೆ 1978ರಲ್ಲಿ ಸಿದ್ಧವಾಯಿತು. ಆದರೆ ಮೇಲ್ಭಾಗಕ್ಕೆ ದಳವು 1972ರಲ್ಲಿ ಸೂಚಿಸಿದ ಉಪಾಯ ಹೊಸತು: ಏನನ್ನೂ ಕಟ್ಟುವುದು ಬೇಡ, ಇರುವ ಜೌಗನ್ನು ಉಳಿಸಿಕೊಂಡರೆ ಸಾಕು. 1974ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ನೀಡಿತು. 1977ರಿಂದ 1983ರವರೆಗೆ 17 ಕಡೆ ಒಟ್ಟು 8,103 ಎಕರೆಗೆ ರಕ್ಷಣೆ ದೊರೆಯಿತು. ಕೆಲವು ನೆಲವನ್ನು ಸರ್ಕಾರ ಕೊಂಡಿತು. ಉಳಿದದ್ದು ಒಡೆಯರ ಹೆಸರಿನಲ್ಲೇ ಉಳಿಯಿತು. ನೀರು ಹರಡುವ ಹಕ್ಕನ್ನು ಮಾತ್ರ ಸರ್ಕಾರ ಪಡೆಯಿತು. ಅಲ್ಲಿ ಮಣ್ಣು ತುಂಬಿ ಮನೆ ಎಬ್ಬಿಸುವಂತಿಲ್ಲ. ಅಣೆಕಟ್ಟು ಕಟ್ಟಿದ್ದರೆ ಸುಮಾರು 10 ಕೋಟಿ ಡಾಲರ್ ಬೇಕಿತ್ತು. ಇದು ಅದರ ಹತ್ತರಲ್ಲೊಂದು ಪಾಲಿನಲ್ಲಿ ಮುಗಿಯಿತು.

ಮ್ಯಾಸಚೂಸೆಟ್ಸ್ ರಾಜ್ಯವೂ ಜೌಗು ನೆಲಕ್ಕೆ ಕಾನೂನಿನ ಬೇಲಿ ಹಾಕಿದೆ. ಹಿತ್ತಿಲಿಗೆ ಡೆಕ್ ಹಾಕಿಸಲು ಹೊರಟು, ಜೌಗಿನಿಂದ 100 ಅಡಿಯೊಳಗೆ ಇದೆಯೆಂಬ ಕಾರಣಕ್ಕೆ ಊರಿನ ಕನ್ಸರ್ವೇಷನ್ ಕಮಿಷನ್ನಿನ ಮುಂದೆ ನಿಂತವರು ನಮ್ಮಲ್ಲಿ ಇದ್ದಾರೆ. "ನಮ್ಮ ಜಾಗ, ನಮ್ಮ ದುಡ್ಡು, ಇವರದೇನು?" ಎಂದು ಗೊಣಗಿದವರೂ ಇದ್ದೇವೆ.

ಆದರೆ ಈ ಮಾತು ನಮಗೆ ಹೊಸದಾಗಬೇಕಿರಲಿಲ್ಲ. ದೊಡ್ಡ ನದಿಯಿಲ್ಲದ ಬೆಂಗಳೂರಿನಲ್ಲಿ ನಮ್ಮ ಹಿರಿಯರು ತಗ್ಗುತಗ್ಗಿಗೂ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಬೇಸಾಯಕ್ಕೆಂದು ಕಟ್ಟಿದ ಕೆರೆಯೇ ಮಳೆಗಾಲದಲ್ಲಿ ನೆರೆಯನ್ನೂ ತಡೆಯುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದ ಮೇಲೆ ಊರೊಳಗಿನ ಕೆರೆಗಳನ್ನು ಕೇಳುವವರು ಕಡಿಮೆಯಾದರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ರಾಜಕಾಲುವೆಗಳ ಮೇಲೆ ಬಡಾವಣೆಗಳು ಎದ್ದವು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದುದನ್ನು ನಾವು ಇಲ್ಲಿ ಕುಳಿತು ನೋಡಿದೆವು. ನೀರು ತನ್ನ ಹಳೆಯ ವಿಳಾಸಕ್ಕೆ ಮರಳಿತ್ತು.

ಅಲ್ಲಿ ಸೈಟು, ಫ್ಲ್ಯಾಟು ಕೊಂಡವರಲ್ಲಿ ನಾವೂ ಇದ್ದೇವೆ. ವಾಸ್ತು ಕೇಳಿದೆವು, ವಿಮಾನ ನಿಲ್ದಾಣ ಎಷ್ಟು ದೂರ ಎಂದು ಕೇಳಿದೆವು. ಇಲ್ಲಿ ಮೊದಲು ಏನಿತ್ತು, ಮಳೆ ನೀರು ಎತ್ತ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಇಲ್ಲಿ ಕಮಿಷನ್ ನಮ್ಮನ್ನು ಕೇಳುವ ಪ್ರಶ್ನೆಯನ್ನು ಅಲ್ಲಿ ನಮಗೆ ನಾವೇ ಕೇಳಿಕೊಳ್ಳಬೇಕು. ಮುಂದಿನ ಬಾರಿ ಊರಿಗೆ ಹೋದಾಗ, ಮುಂಗಡ ಕೊಡುವ ಮುನ್ನ, ಹಳೆಯ ನಕ್ಷೆಯಲ್ಲಿ ಕೆರೆ ಕಾಲುವೆಗಳನ್ನು ಒಮ್ಮೆ ಹುಡುಕೋಣ. ಹಿರಿಯರು ನೀರಿಗೆ ಬಿಟ್ಟುಕೊಟ್ಟ ಜಾಗವನ್ನು ನಾವು ಕೊಳ್ಳದಿರೋಣ.