ಕಾರಾಪುರದ ಸಾಬು ಹಾಲಿವುಡ್ಡಿಗೆ ಹೋದದ್ದು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮಗೆ ಆನೆ ಅಂದ್ರೆ ಅಪರೂಪದ ನೆಂಟ. ಯಾವುದೋ ಮಠದ ಹೆಸರು ಹೇಳ್ಕೊಂಡು ಬೀದಿಗೆ ಬಂದು ಬಾಳೆಹಣ್ಣು, ಕಾಸು ಇಸ್ಕೊಂಡು ಹೋಗುವ ಆನೆ. ಇಲ್ಲಾಂದ್ರೆ ಸರ್ಕಸ್ಸಿನ ಆನೆ. ನಮ್ಮದೇನಿದ್ದರೂ ದನದ ಸೀಮೆ. ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಮೈಲುಗಟ್ಟಲೆ ಹುಲ್ಲುಗಾವಲು. ಆದ್ರೆ ಒಂದು ಕಾಲಕ್ಕೆ ಇಲ್ಲಿನ ಕಾವಲುಗಳೂ ಅಲ್ಲಿ ದಕ್ಷಿಣದ ಕಾಕನಕೋಟೆಯ ಕಾಡೂ ಒಂದೇ ಅರಮನೆಯ ಲೆಕ್ಕದಲ್ಲಿದ್ದವು. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯ್ತು, ಆ ಹೆಸರಲ್ಲೇ ನಮ್ಮ ಕಾವಲುಗಳು ಉಳಿದವು. ದನಕ್ಕೆ ಕಿಲಾರಿ ಹೇಗೋ ಆನೆಗೆ ಮಾವುತ ಹಾಗೆ. ಅಪ್ಪನ ಕೆಲಸ ಮಗನಿಗೆ ಬರೋದು, ಪ್ರಾಣಿಯ ಜೊತೆಗೇ ಬೆಳೆಯೋದು, ಹೆಸರು ಮಾತ್ರ ಯಾವ ದಫ್ತರದಲ್ಲೂ ದೊಡ್ಡದಾಗಿ ಬರೆಯಲ್ಪಡದೇ ಹೋಗೋದು.

ಅಂಥ ಒಬ್ಬ ಮಾವುತನ ಮಗ ಹಾಲಿವುಡ್ಡಿನಲ್ಲಿ ಹೆಸರು ಬರೆಸಿಕೊಂಡ ಕಥೆ ಇದು. ಸಿನಿಮಾ ಅಂದ ಕೂಡಲೇ ನಮ್ಮ ಜಿಲ್ಲೆಯವರು ತಳುಕಿನ ತ.ರಾ.ಸು. ಅವರನ್ನೂ 1972ರ 'ನಾಗರಹಾವು' ಚಿತ್ರವನ್ನೂ ನೆನೆಸಿಕೊಳ್ತಾರೆ. ಇನ್ನೂ ಹಿಂದಕ್ಕೆ ಹೋಗೋರು ಹೊಳಲ್ಕೆರೆಯಲ್ಲಿ ಹುಟ್ಟಿದ ಆರ್. ನಾಗೇಂದ್ರರಾಯರ ಹೆಸರು ಹೇಳ್ತಾರೆ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ಅವರೇ ರಾವಣ. ನಮ್ಮ ಸಿನಿಮಾ ಚರಿತ್ರೆಗಳೆಲ್ಲ ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಅದಾಗಿ ಒಂದೇ ವರ್ಷಕ್ಕೆ ಇದೇ ಮೈಸೂರು ಸಂಸ್ಥಾನದ ಹನ್ನೊಂದು ವರ್ಷದ ಹುಡುಗನೊಬ್ಬ ಕ್ಯಾಮೆರಾದ ಕಣ್ಣಿಗೆ ಬಿದ್ದ. ಆ ಚರಿತ್ರೆಗಳಲ್ಲಿ ಅವನಿಗೆ ಸಿಗೋದು ಹೆಚ್ಚಂದ್ರೆ ಒಂದು ಸಾಲು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಕಾರಾಪುರದಲ್ಲಿ. ಹೆಗ್ಗಡದೇವನಕೋಟೆ ತಾಲ್ಲೂಕಿನ, ಕಬಿನಿ ದಂಡೆಯ ಊರು. ತಾಯಿ ಅವನು ಕೂಸಾಗಿದ್ದಾಗಲೇ ತೀರಿಕೊಂಡರು. ತಂದೆ ಅರಮನೆಯ ಮಾವುತ. ಅವರೂ ಹುಡುಗ ಚಿಕ್ಕವನಿದ್ದಾಗಲೇ ಹೋದರು. ಉಳಿದದ್ದು ಅಣ್ಣ ಶೇಕ್ ದಸ್ತಗೀರ್ ಮತ್ತು ಅರಮನೆಯ ಆನೆ ಲಾಯ.

ಹೆಸರಿನ ಬಗ್ಗೆ ಒಂದು ಮಾತು. ಸಿನಿಮಾ ಪುಸ್ತಕಗಳಲ್ಲೆಲ್ಲ ಅವನು 'ಸಾಬು ದಸ್ತಗೀರ್'. ಆದರೆ ದಸ್ತಗೀರ್ ಅನ್ನೋದು ಅಣ್ಣನ ಹೆಸರು, ಇಂಗ್ಲೆಂಡಿಗೆ ಹೋದಾಗ ಕಾಗದಪತ್ರದಲ್ಲಿ ತಮ್ಮನಿಗೂ ಅದೇ ಅಂಟಿಕೊಂಡಿತು ಅಂತ ಅವನ ಬದುಕನ್ನು ಕೆದಕಿದವರು ಹೇಳ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಕಡೆ 'ದಸ್ತಗೀರ್ ಸಾಬ್ರು' ಇಲ್ಲದ ಊರು ಯಾವುದಿದೆ ಹೇಳಿ? ಸೈಕಲ್ ಶಾಪಿನವರು, ಹಾಸಿಗೆ ಹೊಲಿಯೋರು, ಬಸ್ಸಿನ ಡ್ರೈವರು... ನಾವು ಮರ್ಯಾದೆಗೋ ಉಡಾಫೆಗೋ ಬಾಯಿತುಂಬ ಅನ್ನುವ 'ಸಾಬು' ಲಂಡನ್ನಿನ ಚಿತ್ರಮಂದಿರದ ನೆತ್ತಿಯ ಮೇಲೆ ದೀಪದ ಅಕ್ಷರದಲ್ಲಿ ಹೊಳೆಯಿತು. ಮುಂದೆ ಅಮೆರಿಕದಲ್ಲಿ ಮಕ್ಕಳಿಗೆ ಅದೇ ಮನೆತನದ ಹೆಸರಾಯ್ತು!

ಈಗ ಸಿನಿಮಾದವರು ಮೈಸೂರಿಗೆ ಬಂದ ವಿಷಯ. ರಾಬರ್ಟ್ ಫ್ಲಾಹರ್ಟಿ ಅಂದ್ರೆ 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಮಾಡಿ ಸಾಕ್ಷ್ಯಚಿತ್ರ ಅನ್ನೋದಕ್ಕೇ ದಾರಿ ತೋರಿಸಿದ ಮನುಷ್ಯ. ಹಿಮದ ನಾಡು, ದ್ವೀಪಗಳು ಎಲ್ಲ ಮುಗಿಸಿ, ಒಬ್ಬ ಹುಡುಗ ಮತ್ತು ಆನೆಯ ಸಿನಿಮಾ ಮಾಡಬೇಕು ಅಂತ ಹೊರಟಿದ್ದ. ದುಡ್ಡು ಹಾಕಿದವನು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ. ಕಥೆಗೆ ಕಿಪ್ಲಿಂಗನ 'ತೂಮಾಯ್ ಆಫ್ ದಿ ಎಲಿಫೆಂಟ್ಸ್'. 1935ರಲ್ಲಿ ತಂಡ ಮೈಸೂರಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹಕಾರ ಸಿಕ್ಕಿತು. ಇಳಿದುಕೊಳ್ಳಲು ಚಿತ್ತರಂಜನ್ ಮಹಲ್, ಚಿತ್ರೀಕರಣಕ್ಕೆ ಅರಮನೆಯ ಆನೆಗಳು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಆ ದಿನಗಳಲ್ಲಿ ಬರೆದ ಕಾಗದಗಳು 1937ರಲ್ಲಿ 'ಎಲಿಫೆಂಟ್ ಡ್ಯಾನ್ಸ್' ಅಂತ ಪುಸ್ತಕವಾಗಿ ಬಂದವು. ಮೈಸೂರಿನ ಆನೆಗಳ ಬಗ್ಗೆ ಆಸಕ್ತಿ ಇದ್ದೋರು ಹುಡುಕಿ ಓದಬೇಕಾದ್ದು.

ಹುಡುಗನನ್ನು ಕಂಡುಹಿಡಿದವನು ಕ್ಯಾಮೆರಾಮನ್ ಆಸ್ಮಂಡ್ ಬೊರಡೇಲ್. ಪಾತ್ರಕ್ಕೆ ಬೇಕಾದದ್ದು ಮುಖ ಒಂದೇ ಅಲ್ಲ. ಸೊಂಡಿಲ ಮೇಲೆ ಕಾಲಿಟ್ಟು ತಲೆಗೇರಬೇಕು, ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಆನೆಯನ್ನು ತಿರುಗಿಸಬೇಕು, ಹೆದರಬಾರದು. ಲಾಯದಲ್ಲಿ ಬೆಳೆದ ಹುಡುಗನಿಗೆ ಅದನ್ನು ಯಾರು ಕಲಿಸಬೇಕು? ಬಯಲುಸೀಮೆಯ ಹುಡುಗ ಎತ್ತಿನ ಗಾಡಿ ಹೊಡೆದಷ್ಟೇ ಸಲೀಸು. ಬಾರದೇ ಇದ್ದದ್ದು ಇಂಗ್ಲಿಷು. ಕೇಳಿ ಕೇಳಿ ಬಾಯಿಪಾಠ ಮಾಡಿ ಒಪ್ಪಿಸಿದ.

ಫ್ಲಾಹರ್ಟಿಯದು ನಿಧಾನದ ಕೈ. ಮಳೆ, ಆನೆ, ಕಾಡು ಅಂತ ತಿಂಗಳುಗಟ್ಟಲೆ ರೀಲು ಸುತ್ತಿದ. ಕಾಡಾನೆ ಹಿಂಡನ್ನು ಡೋಲು, ಬೆಂಕಿ, ಕೂಗಿನಿಂದ ಅಟ್ಟಿ ಬೇಲಿಯೊಳಗೆ ಕೂಡುವ ಖೆಡ್ಡಾವನ್ನೂ ಚಿತ್ರಿಸಿದರು. ಕಾಕನಕೋಟೆಯ ಖೆಡ್ಡಾ 1970ರ ದಶಕದ ಶುರುವಿಗೇ ನಿಂತುಹೋಯ್ತು, ಆಮೇಲೆ ಅಲ್ಲಿನ ಕಾಡಿನ ಒಂದು ಭಾಗ ಕಬಿನಿ ಜಲಾಶಯದಲ್ಲಿ ಮುಳುಗಿತು. ಹಾಗಾಗಿ ಈ ಸಿನಿಮಾ ನಟನೆಗಿಂತ ದಾಖಲೆಯಾಗಿಯೇ ನನಗೆ ದೊಡ್ಡದು ಅನ್ನಿಸುತ್ತೆ. ಆದ್ರೆ ಲಂಡನ್ನಿನಲ್ಲಿ ಕೂತ ಕೊರ್ಡಾಗೆ ತಾಳ್ಮೆ ತಪ್ಪಿತು. ತಮ್ಮ ಜೋಲ್ಟನ್ ಕೊರ್ಡಾನನ್ನು ಕಳಿಸಿದ. ಉಳಿದ ದೃಶ್ಯಗಳನ್ನು ಡೆನ್ಹ್ಯಾಮ್ ಸ್ಟುಡಿಯೋದಲ್ಲಿ, ಮುಖಕ್ಕೆ ಬಣ್ಣ ಹಚ್ಚಿಕೊಂಡ ಇಂಗ್ಲಿಷ್ ನಟರ ಜೊತೆ ತೆಗೆದರು. ಸಾಬು, ಅಣ್ಣ ಇಬ್ಬರೂ ಹಡಗು ಹತ್ತಿದರು. ಸಿನಿಮಾ ನೋಡುವಾಗ ಈ ಹೊಲಿಗೆ ಎದ್ದು ಕಾಣುತ್ತೆ. ಒಂದು ಕ್ಷಣ ಮೈಸೂರಿನ ಬಿಸಿಲು, ಮರುಕ್ಷಣ ಸ್ಟುಡಿಯೋದ ಕಾಡು. ಎರಡರಲ್ಲೂ ನಿಜ ಅನ್ನಿಸೋದು ಆ ಹುಡುಗ ಒಬ್ಬನೇ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು, ಅದೇ ವರ್ಷ ವೆನಿಸ್ ಉತ್ಸವದಲ್ಲಿ ಅದರ ಇಬ್ಬರು ನಿರ್ದೇಶಕರಿಗೆ ಪ್ರಶಸ್ತಿ ಬಂತು.

ಮರುವರ್ಷದ 'ದಿ ಡ್ರಮ್' ಬೇರೆಯೇ ಕಥೆ. ವಾಯುವ್ಯ ಗಡಿಯಲ್ಲಿ ಬ್ರಿಟಿಷರಿಗೆ ನಿಷ್ಠನಾದ ಪುಟ್ಟ ರಾಜಕುಮಾರನ ಪಾತ್ರ. ಸಾಮ್ರಾಜ್ಯದ ತುತ್ತೂರಿ ಅಂತ ಮುಂಬಯಿ, ಮದ್ರಾಸಿನಲ್ಲಿ ಜನ ಪ್ರತಿಭಟಿಸಿದರು, ಚಿತ್ರವನ್ನು ಹಿಂದಕ್ಕೆ ತಗೋಬೇಕಾಯ್ತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಹದಿನಾಲ್ಕು ವರ್ಷದ, ಊರಲ್ಲಿ ಅಪ್ಪ ಅಮ್ಮ ಇಲ್ಲದ ಹುಡುಗ ಅದರಲ್ಲಿ ಎಷ್ಟಕ್ಕೆ ಜವಾಬ್ದಾರ? ಕೊಟ್ಟ ಪೋಷಾಕು ಹಾಕಿಕೊಂಡ, ಹೇಳಿದ ಮಾತು ಹೇಳಿದ.

1940ರ 'ದಿ ಥೀಫ್ ಆಫ್ ಬಾಗ್ದಾದ್' ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಡೆನ್ಹ್ಯಾಮಿನಲ್ಲಿ ಶುರುವಾಗಿ, ಯುದ್ಧ ಬಂದ ಕಾರಣ ಅಮೆರಿಕದಲ್ಲಿ ಮುಗಿದ ಚಿತ್ರ. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಗಳಿಗೆ ಮೂರು ಆಸ್ಕರ್. ಸಾಬು ಇಲ್ಲಿ ಅಬು ಅನ್ನುವ ಪುಟ್ಟ ಕಳ್ಳ. ಬಾಟಲಿಯಿಂದ ಹೊರಬಂದ ಬೆಟ್ಟದಂಥ ಭೂತವನ್ನು ಮಾತಿನಲ್ಲೇ ಯಾಮಾರಿಸಿ ವಾಪಸ್ ಬಾಟಲಿಗೆ ತುಂಬ್ತಾನಲ್ಲ, ಆ ದೃಶ್ಯ ನೋಡಿ. ಚಿತ್ರದಲ್ಲಿ ಇನ್ನೊಬ್ಬ ಸುಂದರ ನಾಯಕನಿದ್ದಾನೆ, ರಾಜಕುಮಾರಿ ಅವನಿಗೇ ಸಿಗೋದು. ಆದರೆ ನೆನಪಿನಲ್ಲಿ ಉಳಿಯೋನು ಅಬು. 1992ರ ಡಿಸ್ನಿಯ 'ಅಲಾದೀನ್' ಈ ಚಿತ್ರದಿಂದ ಧಾರಾಳವಾಗಿ ಸಾಲ ತಗೊಂಡಿದೆ. ಜಾಫರ್ ಜಾಫರನಾಗಿಯೇ ಬಂದ. ಅಬುವನ್ನು ಮಾತ್ರ ಕೋತಿ ಮಾಡಿದರು.

1942ರ 'ಜಂಗಲ್ ಬುಕ್'ನಲ್ಲಿ ಅವನೇ ಮೋಗ್ಲಿ. ಅದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತೆ. ಅಲ್ಲಿಂದ ಮುಂದೆ ಯೂನಿವರ್ಸಲ್ ಕಂಪನಿ, 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಮೂರರಲ್ಲೂ ಮರಿಯಾ ಮಾಂಟೆಜ್ ನಾಯಕಿ, ಜಾನ್ ಹಾಲ್ ನಾಯಕ, ಸಾಬು ನಾಯಕನ ಬಾಲ. ಹುಡುಗನಾಗಿದ್ದಾಗ ಕಥೆಯನ್ನು ಹೊತ್ತವನು ಮೀಸೆ ಬರುವ ವಯಸ್ಸಿಗೆ ಪಕ್ಕಕ್ಕೆ ಸರಿಯಬೇಕಾಯ್ತು. ಕಂದು ಬಣ್ಣದ ಹುಡುಗನನ್ನು ಮುದ್ದು ಮಾಡಿದ ಹಾಲಿವುಡ್ಡಿಗೆ ಕಂದು ಬಣ್ಣದ ಗಂಡಸನ್ನು ನಾಯಕಿಯ ಪಕ್ಕ ನಿಲ್ಲಿಸೋ ಧೈರ್ಯ ಇರಲಿಲ್ಲ. ಪಠಾಣ, ಅರಬ, ದಕ್ಷಿಣ ಸಮುದ್ರದ ದ್ವೀಪದವನು, 1947ರ 'ದಿ ಎಂಡ್ ಆಫ್ ದಿ ರಿವರ್'ನಲ್ಲಿ ಬ್ರೆಜಿಲಿನ ಬುಡಕಟ್ಟಿನವನು... ಬಿಳಿಯರಲ್ಲದವರೆಲ್ಲ ಸಾಬುವೇ. ಅದೇ ವರ್ಷದ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರತ್ನದ ಹಾರ, ಸುಗಂಧ ಹಚ್ಚಿಕೊಂಡು ಕ್ರೈಸ್ತ ಸನ್ಯಾಸಿನಿಯರ ಹತ್ತಿರ ಪಾಠಕ್ಕೆ ಬರುವ ಎಳೆಯ ಜನರಲ್ ಪಾತ್ರ ಚಿಕ್ಕದಾದರೂ ಚೊಕ್ಕ.

ನಡುವೆ ಯುದ್ಧ. 1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದ. ವಾಯುಪಡೆ ಸೇರಿ ಪೆಸಿಫಿಕ್ಕಿನಲ್ಲಿ ಬಿ-24 ಬಾಂಬರುಗಳ ಗನ್ನರ್ ಆಗಿ ದುಡಿದ. ವಿಮಾನದ ತುದಿಯಲ್ಲೋ ಹೊಟ್ಟೆಯಡಿಯಲ್ಲೋ ಒಬ್ಬಂಟಿ ಕೂತು ಶತ್ರು ವಿಮಾನ ಎದುರಿಸುವ ಕೆಲಸ. ಪ್ರಚಾರಕ್ಕೆ ಫೋಟೋ ತೆಗೆಸಿಕೊಂಡು ಬಂದ ತಾರೆಯಲ್ಲ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಗಳಿಸಿದ ಸೈನಿಕ.

ವಾಪಸ್ ಬಂದರೆ ಮಾರುಕಟ್ಟೆ ಬದಲಾಗಿತ್ತು. 1948ರಲ್ಲಿ ಮೆರಿಲಿನ್ ಕೂಪರ್ ಜೊತೆ ಮದುವೆ. ಅದೇ ವರ್ಷ ಜಿಮ್ ಕಾರ್ಬೆಟ್ ಪುಸ್ತಕದ ಹೆಸರಿಟ್ಟುಕೊಂಡ 'ಮ್ಯಾನ್-ಈಟರ್ ಆಫ್ ಕುಮಾವೂನ್' ಬಂತು, ಬಂದಷ್ಟೇ ಬೇಗ ಹೋಯ್ತು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. 1952ರ ಒಂದು ಇಟಾಲಿಯನ್ ಚಿತ್ರದಲ್ಲಿ ವಿಟ್ಟೋರಿಯೋ ಡಿ ಸಿಕಾ ಬಡ ಮೇಷ್ಟ್ರು, ಅವನಿಗೆ ಆನೆ ಉಡುಗೊರೆ ಕೊಡುವ ಸುಲ್ತಾನ ಸಾಬು. ಮಾವುತನ ಮಗನಿಗೆ ಕಡೆಗೂ ಆನೆ ದಾನ ಕೊಡುವ ಯೋಗ, ಸಿನಿಮಾದಲ್ಲಾದ್ರೂ!

ನನ್ನನ್ನು ಹೆಚ್ಚು ಕಾಡೋದು ಇನ್ನೊಂದು ಸಂಗತಿ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಮಾಡಲು ಹೊರಟಾಗ ಬಿರ್ಜೂ ಪಾತ್ರಕ್ಕೆ ಆರಿಸಿದ್ದು ಸಾಬುವನ್ನು. ಸಾಬು ಭಾರತಕ್ಕೆ ಬಂದ. ಆದರೆ ಅಷ್ಟೊತ್ತಿಗೆ ಅವನು ವಿದೇಶಿ ಪ್ರಜೆ. ಇಲ್ಲಿ ಕೆಲಸ ಮಾಡಲು ಅನುಮತಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತ್ ಪಾಲಾಯ್ತು, 1957ರಲ್ಲಿ ಚಿತ್ರ ಬಂತು, ಮುಂದಿನದು ನಿಮಗೆ ಗೊತ್ತು. ಸಾಲಗಾರನ ಕೈಲಿ ಹೊಲ ಕಳಕೊಂಡ ರೈತನ ಮಗ, ಸಿಟ್ಟು, ಪ್ರೇಮ, ತಾಯಿ. ಹಾಲಿವುಡ್ ಇಪ್ಪತ್ತು ವರ್ಷದಲ್ಲಿ ಕೊಡದೇ ಇದ್ದದ್ದೆಲ್ಲ ಆ ಒಂದು ಪಾತ್ರದಲ್ಲಿತ್ತು. ಸುನಿಲ್ ದತ್ತ್ ಚೆನ್ನಾಗೇ ಮಾಡಿದ್ದಾರೆ, ಅದರಲ್ಲಿ ಮಾತಿಲ್ಲ. ಆದ್ರೂ ಬಿರ್ಜೂ ಹೊಲದಲ್ಲಿ ಓಡುವಾಗೆಲ್ಲ ನನಗೆ ಆ ಅಬುವಿನ ನಗು ಅಡ್ಡ ಬರುತ್ತೆ.

ಅಣ್ಣ ಶೇಕ್ ದಸ್ತಗೀರ್ ಅಮೆರಿಕದಲ್ಲಿ ಪೀಠೋಪಕರಣದ ಅಂಗಡಿ ನಡೆಸುತ್ತಿದ್ದರು. 1960ರಲ್ಲಿ ದರೋಡೆಗೆ ಬಂದವರ ಕೈಲಿ ಅಲ್ಲೇ ಕೊಲೆಯಾದರು. ಅದೇ ವರ್ಷ ಹಾಲಿವುಡ್ಡಿನ ಕಾಲುದಾರಿಯಲ್ಲಿ ಸಾಬು ಹೆಸರಿನ ನಕ್ಷತ್ರ ಕೂತಿತು. 1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 39. ಎರಡೇ ದಿನದ ಹಿಂದೆ ತಪಾಸಣೆ ಮಾಡಿದ ಡಾಕ್ಟರು, ಎಲ್ಲ ರೋಗಿಗಳೂ ನಿನ್ನಷ್ಟು ಗಟ್ಟಿ ಇದ್ರೆ ನನಗೆ ಕೆಲಸವೇ ಇರಲ್ಲ ಅಂದಿದ್ದರಂತೆ. ಕೊನೆಯ ಚಿತ್ರ, ಡಿಸ್ನಿಯ 'ಎ ಟೈಗರ್ ವಾಕ್ಸ್', ಮರುವರ್ಷ ಬಂತು. ಮಗ ಪಾಲ್ ಸಾಬು ರಾಕ್ ಸಂಗೀತಗಾರನಾದ. 2001ರಲ್ಲಿ ತೀರಿಕೊಂಡ ಮಗಳು ಜಾಸ್ಮಿನ್ ಸಿನಿಮಾಗಳಿಗೆ ಪ್ರಾಣಿಗಳನ್ನು ಪಳಗಿಸುವ ಕೆಲಸ ಹಿಡಿದಿದ್ದಳು. ಕಾರಾಪುರದ ಅಜ್ಜನ ವಿದ್ಯೆ ಅಷ್ಟು ದೂರ ಹೋಗಿ ಮತ್ತೆ ಚಿಗುರಿತ್ತು.

ಸಾಬು ಕನ್ನಡದ ಒಂದು ಚಿತ್ರದಲ್ಲೂ ನಟಿಸಲಿಲ್ಲ. ಮನೆಮಾತು ಕನ್ನಡ ಆಗಿರಲಿಕ್ಕಿಲ್ಲ. ಹಾಗಾದ್ರೆ ಅವನು ನಮ್ಮವನು ಹೇಗೆ ಅಂತ ಕೇಳೋರಿದ್ದಾರೆ, ಕೇಳಲಿ. 1934ರ ನಮ್ಮ ಮೊದಲ ವಾಕ್ಚಿತ್ರವನ್ನೇ ಕೊಲ್ಲಾಪುರದ ಸ್ಟುಡಿಯೋದಲ್ಲಿ ತೆಗೆದದ್ದು. ಅದು ನಮ್ಮದಾದ ಮೇಲೆ ಮೈಸೂರು ಆನೆ ಲಾಯದ ಹುಡುಗ ಯಾಕಾಗಬಾರದು?

'ಎಲಿಫೆಂಟ್ ಬಾಯ್' ಪೂರ್ತಿ ನೋಡುವಷ್ಟು ಪುರುಸೊತ್ತಿಲ್ಲಾಂದ್ರೆ ಶುರುವಿನ ಒಂದೆರಡು ನಿಮಿಷ ನೋಡಿ. ಕಥೆ ಆರಂಭವಾಗೋಕೆ ಮುಂಚೆ ರುಮಾಲು ಸುತ್ತಿದ ಹುಡುಗನೊಬ್ಬ ನೇರ ನಮ್ಮನ್ನೇ ನೋಡಿ, ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ, ಎಲ್ಲೂ ತಡವರಿಸದೆ ತನ್ನ ಆನೆಯ ಬಗ್ಗೆ ಹೇಳ್ತಾನೆ. ನಡುವೆ ಒಂದು ಸಲ ನಗ್ತಾನೆ. ಆ ನಗುವನ್ನು ಅವನಿಗೆ ಯಾರೂ ಹೇಳಿಕೊಟ್ಟಂತಿಲ್ಲ.