ಕೊಂಬು, ಸೋರೆಬುರುಡೆ, ಗಾಜಿನ ಬಟ್ಟಲು

ಚಿಕ್ಕವರಿದ್ದಾಗ ನಮ್ಮನೆಯಲ್ಲಿ ದೃಷ್ಟಿ ತೆಗೆಯೋದು ಅಂದ್ರೆ ದೊಡ್ಡ ಕಾರ್ಯಕ್ರಮ. ಅಜ್ಜಿ ಹಳೇ ಬಟ್ಟೆಯ ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ ಹಚ್ಚಿ, ನಮ್ಮನ್ನು ನಿವಾಳಿಸಿ ಚೆಂಬಿನೊಳಗೆ ಹಾಕೋಳು. ಆಮೇಲೆ ಆ ಚೆಂಬನ್ನು ನೀರಿದ್ದ ತಟ್ಟೆಯಲ್ಲಿ ಬೋರಲು ಹಾಕಿದರೆ, ಗುಳುಗುಳು ಸದ್ದು ಮಾಡ್ತಾ ತಟ್ಟೆಯ ನೀರೆಲ್ಲ ಚೆಂಬಿನೊಳಗೆ! "ನೋಡು, ಎಷ್ಟು ದೃಷ್ಟಿಯಾಗಿತ್ತು" ಅನ್ನೋಳು. ನಾವು ಬಾಯಿ ಬಿಟ್ಕೊಂಡು ನೋಡ್ತಿದ್ವಿ.

ಆ ಚೆಂಬು ಮತ್ತೆ ನೆನಪಾಗಿದ್ದು ಗೆಳೆಯನೊಬ್ಬನ ಬೆನ್ನು ನೋಡಿ. ಅವನಿಗೆ ಮ್ಯಾರಥಾನ್ ಹುಚ್ಚು. ಬೆನ್ನು, ಭುಜದ ತುಂಬಾ ವಡೆಯಷ್ಟಗಲದ ನೇರಳೆ ಬಣ್ಣದ ಕಲೆಗಳು. "ಕಪ್ಪಿಂಗ್ ಮಾಡಿಸ್ಕೊಂಡೆ ಗುರೂ, ವಿಷ ಎಲ್ಲ ಹೊರಗೆ ಬಂತು. ಮೂರು ಸಾವಿರ ವರ್ಷದ ಚಿಕಿತ್ಸೆ ಇದು, ಸುಮ್ನೆ ಅಲ್ಲ" ಅಂದ. ಅವನ ನೋವು ಕಡಿಮೆಯಾಗಿತ್ತಂತೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಮುಂದೆ "ನಿಮ್ಮಪ್ಪನ್ನೂ ಕರ್ಕೊಂಡು ಹೋಗು, ಮಂಡಿನೋವು ಮಾಯ" ಅಂದಾಗ ತಲೆಗೆ ಹುಳ ಬಿಟ್ಟ ಹಾಗಾಯ್ತು. ಅಪ್ಪ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು. ಸರಿ, ಈ "ಮೂರು ಸಾವಿರ ವರ್ಷ"ದಲ್ಲಿ ಏನಿದೆ ಅಂತ ಓದೋಕೆ ಕೂತೆ.

ಹಳೆಯದು ಅನ್ನೋದೇನೋ ನಿಜ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 13ನೇ ಅಧ್ಯಾಯ ಮುಖ್ಯವಾಗಿ ಜಿಗಣೆಯ ಬಗ್ಗೆ. ಅಲ್ಲೇ ರಕ್ತ ತೆಗೆಯೋ ಇನ್ನೆರಡು ಸಾಧನಗಳೂ ಬರುತ್ತವೆ: ಶೃಂಗ ಅಂದರೆ ಹಸುವಿನ ಕೊಂಬು, ಅಲಾಬು ಅಂದರೆ ಸೋರೆಬುರುಡೆ. ವಾತದಿಂದ ಕೆಟ್ಟ ರಕ್ತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಬುರುಡೆ. ಚರ್ಮವನ್ನು ಸ್ವಲ್ಪ ಗೀರಿ, ಕೊಂಬಿಟ್ಟು ಬಾಯಿಂದ ಹೀರಬೇಕು. ಬುರುಡೆಯಾದರೆ ಹೀರೋ ಕಷ್ಟವಿಲ್ಲ, ಒಳಗೆ ದೀಪ ಇಟ್ಟರಾಯ್ತು. ನಮ್ಮಜ್ಜಿಯ ಚೆಂಬೇ!

ಚೀನಾದಲ್ಲೂ ಶುರುವಾಗಿದ್ದು ಕೊಂಬಿನಿಂದಲೇ. ಮವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಗೋರಿಯನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅದರಲ್ಲಿ ಮೂಲವ್ಯಾಧಿಗೆ ಸಣ್ಣ ಕೊಂಬು ಹಾಕೋ ವಿಧಾನ ಇದೆ. ಇತ್ತ ರೋಮಿನಲ್ಲಿ ಮೊದಲನೇ ಶತಮಾನದ ಸೆಲ್ಸಸ್ ಎರಡು ಬಗೆಯ ಬಟ್ಟಲು ಹೇಳ್ತಾನೆ. ಒಂದು ಕಂಚಿನದು, ಒಳಗೆ ಉರಿಯೋ ನಾರು ಹಾಕಿ ಮೈಗೆ ಒತ್ತೋದು. ಇನ್ನೊಂದು ಕೊಂಬಿನದು, ತುದಿಯ ತೂತಿನಿಂದ ಬಾಯಲ್ಲಿ ಗಾಳಿ ಎಳೆದು ಮೇಣದಿಂದ ಮುಚ್ಚೋದು. ಚರ್ಮ ಗೀರಿ ಬಟ್ಟಲಿಟ್ಟರೆ ರಕ್ತ ಬರುತ್ತೆ, ಗೀರದೇ ಇಟ್ಟರೆ ಬರೀ ಎಳೆತ. ಇವತ್ತು ಹಸಿ ಕಪ್ಪಿಂಗ್, ಒಣ ಕಪ್ಪಿಂಗ್ ಅಂತ ಹೇಳೋ ವ್ಯತ್ಯಾಸ ಅಷ್ಟು ಹಳೆಯದು.

ಗ್ರೀಕರ ವೈದ್ಯ ಅರಬ್ಬರ ಕೈಗೆ ಹೋಗಿ ಯುನಾನಿಯಾಯ್ತು. ಅರಬ್ಬಿಯಲ್ಲಿ ಇದಕ್ಕೆ ಹಿಜಾಮಾ ಅಂತ ಹೆಸರು. ಹದೀಸ್‌ಗಳಲ್ಲಿ ಉಲ್ಲೇಖ ಇರೋದರಿಂದ ಮುಸ್ಲಿಮರಲ್ಲಿ ಇದಕ್ಕೆ ಧಾರ್ಮಿಕ ಗೌರವವೂ ಇದೆ. ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆಯಲ್ಲ, ಅಲ್ಲಿ ಇದು ಓದೋ ವಿಷಯ.

ಇಂಗ್ಲೆಂಡಿನ ಕಥೆ ಇನ್ನೂ ಮಜವಾಗಿದೆ. 19ನೇ ಶತಮಾನದ ಲಂಡನ್ನಿನಲ್ಲಿ ಇದೇ ಒಂದು ಕಸುಬು. ಥಾಮಸ್ ಮೇಪಲ್‌ಸನ್ ಎಂಬಾತ 1813ರಲ್ಲಿ ಈ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದ. ಗೈಸ್ ಆಸ್ಪತ್ರೆಯಲ್ಲಿ ಮಾನ್ಸನ್ ಹಿಲ್ಸ್ ಎಂಬುವವನಿಗೆ ಬಟ್ಟಲು ಹಾಕೋದೇ ಕೆಲಸ. ಚರ್ಮ ಗೀರೋಕೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆ, ಒಳಗೆ ಸ್ಪ್ರಿಂಗು. ಗುಂಡಿ ಒತ್ತಿದರೆ ಹತ್ತಾರು ಬ್ಲೇಡು ಒಟ್ಟಿಗೆ ಚಕ್ ಅಂತ ಹೊರಗೆ!

ಇದಕ್ಕೆ ಪೆಟ್ಟು ಬಿದ್ದಿದ್ದು ಹೇಗೆ ಗೊತ್ತಾ? ಒಬ್ಬ ಎಣಿಸಿ ನೋಡಿದ, ಅಷ್ಟೇ. ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ, ನ್ಯುಮೋನಿಯಾ ಆಗಿ ರಕ್ತ ತೆಗೆಸಿಕೊಂಡ 77 ರೋಗಿಗಳ ಲೆಕ್ಕ ಇಟ್ಟ. ಕಾಯಿಲೆಯ ಮೊದಲ ನಾಲ್ಕು ದಿನದಲ್ಲೇ ರಕ್ತ ತೆಗೆಸಿಕೊಂಡ 41 ಜನರಲ್ಲಿ 18 ಮಂದಿ ಸತ್ತರು. ತಡವಾಗಿ ತೆಗೆಸಿಕೊಂಡ 36ರಲ್ಲಿ ಸತ್ತವರು 9. 1835ರಲ್ಲಿ ಪುಸ್ತಕವಾಗಿ ಬಂದ ಈ ಲೆಕ್ಕ ಇವತ್ತಿನ ಅಳತೆಯಲ್ಲಿ ತೀರಾ ಸಣ್ಣದು. ಆದರೆ ಹೆಚ್ಚಿನವರು ಕೇಳದ ಪ್ರಶ್ನೆ ಅವನು ಕೇಳಿದ್ದ. ಆ ಶತಮಾನದಲ್ಲೇ ರಕ್ತ ತೆಗೆಯೋ ಪದ್ಧತಿ ನಿಧಾನಕ್ಕೆ ಕಳೆಗುಂದಿತು.

ಪೂರ್ತಿ ಹೋಗಲಿಲ್ಲ ಬಿಡಿ. 1929ರಲ್ಲಿ ಪ್ಯಾರಿಸ್ಸಿನ ಬಡವರ ಆಸ್ಪತ್ರೆಯೊಂದರಲ್ಲಿ ನ್ಯುಮೋನಿಯಾದಿಂದ ಮಲಗಿದ್ದ ಜಾರ್ಜ್ ಆರ್ವೆಲ್‌ಗೂ ಗಾಜಿನ ಬಟ್ಟಲು ಹಾಕಿದ್ದರು. 1946ರಲ್ಲಿ ಬಂದ ಅವನ ಪ್ರಬಂಧವೊಂದರಲ್ಲಿ ಅದರ ವಿವರ ಇದೆ. ಪೂರ್ವ ಯೂರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ, ಪ್ರಯೋಜನವಿಲ್ಲದ ಕೆಲಸಕ್ಕೆ "ಸತ್ತವನಿಗೆ ಬಟ್ಟಲು ಹಾಕಿದ ಹಾಗೆ" ಅಂತ ಗಾದೆಯೇ ಇದೆ. ನಮ್ಮ "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಇದ್ದಂತೆ :)

ಕೊನೆಗೆ ಬಟ್ಟಲನ್ನು ಮತ್ತೆ ಜಗತ್ತಿನ ಮುಂದೆ ತಂದವನು ಮೈಕೆಲ್ ಫೆಲ್ಪ್ಸ್. 2016ರ ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸ್‌ನ 4x100 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದಾಗ ಅವನ ಭುಜದ ತುಂಬಾ ಆ ಕಲೆಗಳು. ಗೆಳೆಯನ ಬೆನ್ನಿಗೆ ಬಂದಿದ್ದು ಸುಶ್ರುತನಿಂದಲ್ಲ, ಇಲ್ಲಿಂದ!

ಇಷ್ಟು ಓದಿದ ಮೇಲೆ ನನಗನ್ನಿಸಿದ್ದು ಇದು. ಬಟ್ಟಲು ಅದೇ, ಕಾರಣ ಮಾತ್ರ ಕಾಲಕ್ಕೊಂದು. ಒಮ್ಮೆ ವಾತ-ಕಫ, ಇನ್ನೊಮ್ಮೆ ಕೆಟ್ಟ ರಕ್ತ, ಈಗ "ಟಾಕ್ಸಿನ್", "ಮಸಲ್ ರಿಕವರಿ". ನಡೆಯೋದು ಇಷ್ಟೇ: ಬಿಸಿಯಾದ ಗಾಳಿ ತಣ್ಣಗಾದಾಗ ಒಳಗಿನ ಒತ್ತಡ ಇಳಿಯುತ್ತೆ, ಚರ್ಮ ಉಬ್ಬಿ ಮೇಲೇಳುತ್ತೆ. ಸಣ್ಣ ರಕ್ತನಾಳಗಳು ಒಡೆದು ಚರ್ಮದಡಿ ರಕ್ತ ಸೋರುತ್ತೆ. ಆ ನೇರಳೆ ಕಲೆ ಹೊರಬಂದ ವಿಷವಲ್ಲ, ಒಳಗೇ ಹೆಪ್ಪುಗಟ್ಟಿದ ನಮ್ಮದೇ ರಕ್ತ. ಅಜ್ಜಿಯ ತಟ್ಟೆಯ ನೀರು ಹೇಗೆ ದೃಷ್ಟಿಯಲ್ಲವೋ ಹಾಗೆ.

ಹಾಗಾದ್ರೆ ಪೂರ್ತಿ ಸುಳ್ಳಾ? ಅದನ್ನೂ ಹೇಳೋಕಾಗಲ್ಲ. ಕುತ್ತಿಗೆ, ಸೊಂಟದ ನೋವು ಸ್ವಲ್ಪ ದಿನದ ಮಟ್ಟಿಗೆ ಕಡಿಮೆಯಾಗುತ್ತೆ ಅಂತ ಕೆಲವು ಪ್ರಯೋಗಗಳು ಹೇಳ್ತವೆ. 2012ರಲ್ಲಿ ಒಂದು ತಂಡ 135 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಲಾಭ ಇರಬಹುದು, ಆದರೆ ಹೆಚ್ಚಿನ ಪ್ರಯೋಗಗಳ ಗುಣಮಟ್ಟ ಸಾಲದು ಅಂತ ಕಂಡಿತು. 2018ರಲ್ಲಿ ಕ್ರೀಡಾಪಟುಗಳ ಮೇಲಿನ 11 ಪ್ರಯೋಗಗಳನ್ನು ನೋಡಿದವರೂ, ಮಾಡಿಸಿ ಅಂತಲೂ ಬೇಡ ಅಂತಲೂ ಖಚಿತವಾಗಿ ಹೇಳಲಿಲ್ಲ. ತೊಂದರೆ ಏನಂದ್ರೆ, ಮಾತ್ರೆಗಾದರೆ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸಬಹುದು, ಬೆನ್ನಿಗೆ ಬಟ್ಟಲು ಅಂಟಿದ್ದು ಯಾರಿಗೆ ಗೊತ್ತಾಗಲ್ಲ ಹೇಳಿ?

ಗಟ್ಟಿಮುಟ್ಟಾದ ಗೆಳೆಯನಿಗೆ ಒಣ ಕಪ್ಪಿಂಗಿನಿಂದ ಒಂದು ವಾರದ ಕಲೆ, ಒಂದಿಷ್ಟು ದುಡ್ಡು ಹೋಗಬಹುದು, ಅಷ್ಟೇ. ಆದರೆ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಿಗೆ ರಕ್ತಸ್ರಾವದ ಭಯ, ಸಕ್ಕರೆ ಕಾಯಿಲೆಯವರಿಗೆ ಗಾಯ ಮಾಗದ ಭಯ. ಬೆಂಕಿಯಿಂದ ಸುಟ್ಟ ಗಾಯಗಳೂ ಆಗಿವೆ, ಬ್ಲೇಡು ಶುದ್ಧವಿಲ್ಲದಿದ್ದರೆ ಸೋಂಕೂ ಅಂಟುತ್ತೆ. ಗೆಳೆಯ ಹೋಗಿದ್ದ ಜಾಗಕ್ಕೆ ಫೋನು ಮಾಡಿ ಅಪ್ಪನ ವಯಸ್ಸು ಹೇಳಿದೆ. "ಕರ್ಕೊಂಡು ಬನ್ನಿ ಸರ್" ಅಂದ್ರು. ಯಾವ ಮಾತ್ರೆ ತಗೋತಾರೆ ಅಂತ ಕೇಳಲೇ ಇಲ್ಲ. ನಾನು ಅಲ್ಲಿಗೇ ಕೈಬಿಟ್ಟೆ.

ಅಪ್ಪನಿಗೆ ಈ ಪುರಾಣವನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ, ನಿಮ್ಮಜ್ಜಿಯ ಆ ಚೆಂಬು ಈಗ ಎಲ್ಲಿದೆಯೋ?" ಅಂದ್ರು. ಅಟ್ಟದ ಮೇಲೆ ಹುಡುಕಬೇಕು.

ನಿಮ್ಮೂರಲ್ಲಿ ಹಿರಿಯರು ಕೊಂಬೋ ಬುರುಡೆಯೋ ಹಾಕ್ತಿದ್ದರಾ? ಅದಕ್ಕೆ ಏನಂತ ಕರೀತಿದ್ರು? ಗೊತ್ತಿದ್ದವರು ದಯವಿಟ್ಟು ತಿಳಿಸಿ...